ಬಸ್ ಸ್ಟ್ಯಾಂಡಿನಲ್ಲಿ ಕೂತ ಅಜ್ಜಿ

ಬೇಸಿಗೆ ರಜೆ ಶುರುವಾದ ದಿನವೇ ಸ್ನೇಹಲ್ ಓದುವ ಇಂಗ್ಲಿಷ್ ಶಾಲೆಯ ತಾಯಂದಿರ ವಾಟ್ಸಾಪ್ ಗುಂಪಿಗೆ ಹೆಡ್ ಮೇಡಮ್ಮರಿಂದ ಒಂದು ಅಪ್ಪಣೆ ಬಂತು. ಪ್ರತಿಯೊಬ್ಬ ತಾಯಿಯೂ ಒಳ್ಳೆಯದೊಂದು ಚಾಪ್ಟರ್ ಬುಕ್ ಆರಿಸಿಕೊಂಡು, ದಿನಕ್ಕೊಂದು ಅಧ್ಯಾಯದಂತೆ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಬೇಕು. ಓದುವಾಗಿನ ಫೋಟೋ ಗುಂಪಿಗೆ ಹಾಕಬೇಕು. ಸಂಜೆಯಷ್ಟರಲ್ಲಿ ಫೋಟೋಗಳು ಸುರಿಯತೊಡಗಿದವು. ಹುಮನಾಬಾದಿನ ತಾಯಿಯೊಬ್ಬಳು ರೇಷ್ಮೆ ಸೀರೆ ಉಟ್ಟು, ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ಓದುತ್ತಿದ್ದಳು, ಪುಸ್ತಕ ತಲೆಕೆಳಗಾಗಿತ್ತು. ಸ್ನೇಹಲ್‌ಳ ತಾಯಿ, ಬಸವಕಲ್ಯಾಣದ ಅನುರಾಧಾ, ಅದನ್ನು ಕೂಡಲೇ ಗಮನಿಸಿದಳು. ಗುಂಪಿನಲ್ಲಿ ಕೈಮುಗಿದ ಚಿತ್ರವೊಂದನ್ನು ಹಾಕಿ, ತಲೆಕೆಳಗಾದ ಸಂಗತಿಯನ್ನು ಮಾತ್ರ ಬೇಕಾದವರಿಗೆಲ್ಲ ಫೋನ್ ಮಾಡಿ ತಿಳಿಸಿದಳು.

ಅನುರಾಧಾಳ ಗಂಡ ಓಂಪ್ರಕಾಶನಿಗೆ ಹುಮನಾಬಾದಿನ ಧಾನ್ಯದ ಮಾರುಕಟ್ಟೆಯಲ್ಲಿ ತೊಗರಿಯ ದಲ್ಲಾಳಿ ವ್ಯಾಪಾರದ ಅಡತಿ ಅಂಗಡಿ. ಬೆಳಿಗ್ಗೆ ಕಾರು ಹತ್ತಿ ಹೋದರೆ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಿದ್ದ. ಮನೆಯಲ್ಲಿ ಅತ್ತೆ ಮಾಣಿಕಮ್ಮ, ಹನ್ನೊಂದರ ಮಗಳು ಸ್ನೇಹಲ್, ಏಳರ ಮಗ ಗುರುಲಿಂಗ. ಇವರೆಲ್ಲರ ಮನಸ್ಸನ್ನು ಶುದ್ಧವಾಗಿಡುವ ಹೊಣೆ ತನ್ನದೇ ಎಂದು ಅನುರಾಧಾ ನಂಬಿದ್ದಳು. ಅತ್ತೆ ನೋಡುವ ಧಾರಾವಾಹಿಯಲ್ಲಿ ಯಾರಾದರೂ ಹಾಲಿನಲ್ಲಿ ವಿಷ ಬೆರೆಸಿದರೆ ಸಾಕು, ರಿಮೋಟ್ ಕಸಿದು ಚಾನೆಲ್ ಬದಲಿಸುತ್ತಿದ್ದಳು. ಹಾಗಾಗಿ ಆ ಹಾಲನ್ನು ಯಾರು ಕುಡಿದರು, ಯಾರು ಉಳಿದರು ಎಂಬುದನ್ನು ಮಾಣಿಕಮ್ಮ ಪಕ್ಕದ ಮನೆಗೆ ಹೋಗಿ ಕೇಳಿಕೊಂಡು ಬರಬೇಕಾಗುತ್ತಿತ್ತು.

ಮರುದಿನ ಅನುರಾಧಾ ಮಗಳನ್ನು ಕರೆದುಕೊಂಡು ಗಂಡನ ಕಾರಿನಲ್ಲೇ ಹುಮನಾಬಾದಿಗೆ ಹೋದಳು. ಅಲ್ಲಿ ಪ್ರೇಮಕುಮಾರ ಎಂಬುವನ ಅಂಗಡಿಯಲ್ಲಿ ನೋಟ್‌ಬುಕ್ಕು, ಗೈಡು, ಮದುವೆ ಕಾರ್ಡುಗಳ ನಡುವೆ ಮಕ್ಕಳ ಇಂಗ್ಲಿಷ್ ಕಥೆಪುಸ್ತಕಗಳ ಒಂದು ಕಪಾಟಿತ್ತು. ಕಪಾಟಿನ ಮುಂದೆ ಸ್ಟೂಲು ಹಾಕಿಸಿಕೊಂಡು ಕೂತು ಅವಳು ವಿಚಾರಣೆ ಆರಂಭಿಸಿದಳು. ಮೊದಲನೆಯ ಪುಸ್ತಕದ ಮೇಲೆ ಭೂತವಿತ್ತು, ಬೇಡ. ಎರಡನೆಯದರ ಮೇಲೆ ಹುಡುಗನೊಬ್ಬ ನಾಲಿಗೆ ಚಾಚಿದ್ದ, ಅದೂ ಬೇಡ. ಮೂರನೆಯದರಲ್ಲಿ ಮಕ್ಕಳೇ ಸೇರಿ ಕಳ್ಳನನ್ನು ಹಿಡಿಯುತ್ತಾರೆಂದು ಪ್ರೇಮಕುಮಾರ ಹೊಗಳಿದ. ಕಳ್ಳ ಇದ್ದಾನೆಂದರೆ ಕಳವೂ ಇರಬೇಕಲ್ಲ ಎಂದು ಅದನ್ನೂ ಪಕ್ಕಕ್ಕಿಟ್ಟಳು. ಇನ್ನೊಂದು ತೆಳ್ಳಗಿತ್ತು, ಫೋಟೋದಲ್ಲಿ ಕಾಣುವುದೇ ಇಲ್ಲ. ಮತ್ತೊಂದರಲ್ಲಿ ತಾಯಿ ಕೆಲಸಕ್ಕೆ ಹೋಗಿ ತಂದೆ ಅಡುಗೆ ಮಾಡುತ್ತಿದ್ದ. ಅದನ್ನು ಓಂಪ್ರಕಾಶನಿಗೆ ತೋರಿಸಿದರೆ ಹೇಗೆ ಎಂದು ಕ್ಷಣ ಯೋಚಿಸಿ, ಸುಮ್ಮನೆ ತೊಂದರೆ ಎಂದು ವಾಪಸು ಕೊಟ್ಟಳು.

ಸ್ನೇಹಲ್ ಕಳ್ಳನ ಪುಸ್ತಕವನ್ನು ಆಸೆಯಿಂದ ನೋಡುತ್ತ ನಿಂತಿದ್ದಳು. ಅವಳನ್ನು ಯಾರೂ ಏನೂ ಕೇಳಲಿಲ್ಲ.

ಕೊನೆಗೆ ದಪ್ಪನೆಯದೊಂದು ಪುಸ್ತಕ ಸಿಕ್ಕಿತು. ಮುಖಪುಟದ ಮೇಲೆ ಲಂಗ ತೊಟ್ಟ ಹುಡುಗಿ, ಅವಳ ಪಕ್ಕ ಬಿಳಿ ಮೇಕೆ, ಹಿಂದೆ ಸೂರ್ಯೋದಯ. ಅನುರಾಧಾ ಕೊನೆಯ ಪುಟ ತೆಗೆದು ಓದಿದಳು. ಎಲ್ಲರೂ ನಗುನಗುತ್ತ ಮನೆ ಸೇರಿದ್ದರು. ಕೊನೆ ಚೆನ್ನಾಗಿದ್ದ ಮೇಲೆ ನಡುವೆ ಕೆಟ್ಟದ್ದು ಏನು ತಾನೇ ಆಗಿರಲು ಸಾಧ್ಯ? ಬೇರೆ ಪುಟ ತೆರೆಯುವ ಗೋಜಿಗೆ ಹೋಗದೆ ಅದನ್ನೇ ಕೊಂಡಳು.

ಮನೆಗೆ ಬಂದ ಮೇಲೆ ಇನ್ನೊಂದು ಸಮಸ್ಯೆ ಎದ್ದಿತು. ಎರಡು ಮಕ್ಕಳನ್ನು ಮುಂದಿಟ್ಟುಕೊಂಡು ಯಾರು ಬೇಕಾದರೂ ಫೋಟೋ ತೆಗೆಸಿಕೊಳ್ಳಬಹುದು. ಹಾಲ್ ತುಂಬ ಮಕ್ಕಳಿದ್ದರೆ ಅದರ ಗತ್ತೇ ಬೇರೆ. ಓಣಿಯ ಮಕ್ಕಳನ್ನೆಲ್ಲ ಕರೆಯಲು ಗುರುಲಿಂಗನನ್ನು ಓಡಿಸಿದಳು. ಲಾರಿ ಓಡಿಸುವ ಹಬೀಬನ ಮಗಳು ಅಕ್ಬರಿ ಬಂದಳು, ಹಿಂದಿನ ಕೇರಿಯ ರತ್ನದೀಪ ಬಂದ, ಇನ್ನೂ ಕೆಲವರು ಬಂದರು. ಇವರಲ್ಲಿ ಹೆಚ್ಚಿನವರು ಸರ್ಕಾರಿ ಶಾಲೆಯವರು, ಇಂಗ್ಲಿಷ್ ಕೇಳಿದರೆ ಮುಖ ಮುಖ ನೋಡಿಕೊಳ್ಳುವವರು. ಅದಕ್ಕೆ ಅನುರಾಧಾ ಒಂದು ಕ್ರಮ ಮಾಡಿಕೊಂಡಳು. ಮೊದಲ ನಾಲ್ಕು ಸಾಲನ್ನು ವಿಡಿಯೋಗಾಗಿ ಇಂಗ್ಲಿಷಿನಲ್ಲಿ ಓದುವುದು, ಉಳಿದದ್ದನ್ನು ಪುಸ್ತಕ ನೋಡುತ್ತ ಕನ್ನಡದಲ್ಲಿ ಹೇಳುವುದು. ಮಾಣಿಕಮ್ಮ ಜೋಕಾಲಿಯ ಮೇಲೆ ಕೂತು ಕೇಳತೊಡಗಿದಳು. ಟೀವಿಯಂತೂ ನೆಮ್ಮದಿಯಿಂದ ನೋಡಲು ಸಿಗುತ್ತಿರಲಿಲ್ಲ.

ಮೊದಲ ಅಧ್ಯಾಯ ಸುಸೂತ್ರವಾಗಿ ಮುಗಿಯಿತು. ಪಾರೂ ಎಂಬ ಹುಡುಗಿ, ಮೋತಿ ಎಂಬ ಮೇಕೆ, ಇಬ್ಬರ ಗೆಳೆತನ. ಎರಡನೆಯ ಅಧ್ಯಾಯದ ಎರಡನೆಯ ಪುಟದಲ್ಲಿ ಪಾರೂನ ಅಪ್ಪ ಮೋತಿಯನ್ನು ಕಟುಕನಿಗೆ ಮಾರಿದ. ಅನುರಾಧಾ ಓದುವುದನ್ನು ನಿಲ್ಲಿಸಿದಳು. ಮಕ್ಕಳು ಕಾಯುತ್ತಿದ್ದರು. ಅವಳು ಕೆಮ್ಮಿ, ಮೋತಿಯ ಆರೋಗ್ಯ ಸರಿ ಇಲ್ಲದ್ದರಿಂದ ಅಪ್ಪ ಅದನ್ನು ಡಾಕ್ಟರರಿಗೆ ತೋರಿಸಲು ನಿಶ್ಚಯಿಸಿದ ಎಂದಳು. ಅದೇ ರಾತ್ರಿ ಪಾರೂ ಅಪ್ಪನಿಗೆ ಸುಳ್ಳು ಹೇಳಿ ಮೇಕೆಯೊಂದಿಗೆ ಮನೆ ಬಿಟ್ಟು ಓಡಿದಳು. ಮನೆ ಬಿಟ್ಟು ಓಡುವ ಹುಡುಗಿಯ ಕಥೆಯನ್ನು ಹನ್ನೊಂದರ ಮಗಳ ಮುಂದೆ ಹೇಳುವುದುಂಟೆ? ಅನುರಾಧಾಳ ಕಥೆಯಲ್ಲಿ ಅಪ್ಪನೇ ಅವಳ ಕೈಗೆ ಬುತ್ತಿ ಕೊಟ್ಟು, ಹುಷಾರಾಗಿ ಹೋಗಿ ಬಾ ಮಗಳೇ ಎಂದು ಅಜ್ಜಿಯ ಊರಿಗೆ ಕಳಿಸಿಕೊಟ್ಟ. ಡಾಕ್ಟರು ಅಜ್ಜಿಯ ಊರಲ್ಲೇ ಇದ್ದರಂತೆ.

ಅಲ್ಲಿಂದ ಮುಂದೆ ಅವಳ ಪಾಡು ಕಷ್ಟವಾಯಿತು. ದಾರಿಯಲ್ಲಿ ಪಾರೂನನ್ನು ಹತ್ತಿಸಿಕೊಂಡ ಲಾರಿ ಡ್ರೈವರನ ಹೆಸರು ಪುಸ್ತಕದಲ್ಲಿ ಸಲೀಮ ಚಾಚಾ. ಅನುರಾಧಾಳ ಬಾಯಲ್ಲಿ ಅವನು ಮಲ್ಲಿನಾಥ ಕಾಕಾ ಆದ. ಅವನು ಧಾಬಾದಲ್ಲಿ ಪಾರೂಗೆ ತತ್ತಿಯ ಸಾರು ಕೊಡಿಸಿದ್ದ. ಅದು ಪುಂಡಿಸೊಪ್ಪಿನ ಪಲ್ಯ ಆಯಿತು. ಇಷ್ಟೆಲ್ಲ ಬದಲಿಸುವಾಗ ಮಕ್ಕಳು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿಯುತ್ತ, ಬಾಯಿಗೆ ಕೈ ಅಡ್ಡ ಹಿಡಿದು ಕಿಸಿಕಿಸಿ ನಗುತ್ತಿದ್ದರು. ಎಂಥ ರಸಿಕ ಮಕ್ಕಳು, ಎಂದುಕೊಂಡಳು ಅನುರಾಧಾ. ಒಮ್ಮೆ ಮಾತ್ರ ಗುರುಲಿಂಗ, ‘ಮಮ್ಮಿ, ಈಗ ತತ್ತಿ ಬರ್ತದೇನು?’ ಎಂದು ಕೇಳಿದಾಗ ಪುಸ್ತಕವನ್ನು ಮಕ್ಕಳಿಗೆ ಕಾಣದಂತೆ ಇನ್ನಷ್ಟು ಎತ್ತಿ ಹಿಡಿದಳು. ಸ್ನೇಹಲ್ ತಮ್ಮನ ತೊಡೆ ಚಿವುಟಿದ್ದನ್ನು ಅವಳು ನೋಡಲಿಲ್ಲ.

ಆರನೆಯ ಅಧ್ಯಾಯದಲ್ಲಿ ಅಜ್ಜಿ ಸತ್ತಳು.

ಅದನ್ನು ಅನುರಾಧಾ ಮಧ್ಯಾಹ್ನವೇ ಓದಿ ನೋಡಿದ್ದಳು. ಅಷ್ಟರಲ್ಲಿ ಅವಳಿಗೆ ಮುಂಚಿತವಾಗಿ ಓದಿಕೊಳ್ಳುವ ಎಚ್ಚರ ಬಂದಿತ್ತು. ಅಂಗಳದಲ್ಲಿ ಹೊರಸಿನ ಮೇಲೆ ಮಲಗಿದ ಮುದುಕಿ ಮೊಮ್ಮಗಳ ಕೈ ಹಿಡಿದುಕೊಂಡೇ ಕಣ್ಣು ಮುಚ್ಚಿದ್ದಳು. ಓದುವಾಗ ಅನುರಾಧಾಳ ಕಣ್ಣಲ್ಲೂ ನೀರು ಬಂತು, ಆದರೆ ಅವಳ ತೀರ್ಮಾನ ಬದಲಾಗಲಿಲ್ಲ. ಮಕ್ಕಳ ಮನಸ್ಸಿಗೆ ಸಾವು ತಟ್ಟಬಾರದು. ಜೋಕಾಲಿಯ ಮೇಲೆ ಎಪ್ಪತ್ತಾರರ ಅತ್ತೆ ಬೇರೆ ಕೂತಿರುತ್ತಾಳೆ. ಸಂಜೆ ಅಜ್ಜಿ ಕಾಶಿಗೆ ಹೋಗಲು ಮನಸ್ಸು ಮಾಡಿ, ಗಂಟು ಕಟ್ಟಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟಳು.

ಏಳನೆಯ ಅಧ್ಯಾಯದಲ್ಲಿ ಊರೆಲ್ಲ ಅಳುತ್ತಿತ್ತು. ಯಾಕೆಂದು ಮಕ್ಕಳು ಕೇಳಿದರು. ಬಸ್ ಬಹಳ ಲೇಟಾಗಿತ್ತು ಎಂದಳು ಅನುರಾಧಾ. ಎಂಟನೆಯ ಅಧ್ಯಾಯದಲ್ಲಿ ಅಜ್ಜಿಯ ತಿಥಿಯ ಊಟ, ನೆಂಟರೆಲ್ಲ ಕೂಡಿದ್ದರು. ಅದನ್ನು ಅಜ್ಜಿಯ ಹುಟ್ಟುಹಬ್ಬ ಮಾಡಿದಳು. ಆಗ ಜೋಕಾಲಿ ನಿಂತಿತು.

‘ಆಕಿ ಬಸ್ ಸ್ಟ್ಯಾಂಡದಾಗ ಕುಂತಾಳ, ಇವ್ರು ಮನ್ಯಾಗ ಹುಟ್ಟುಹಬ್ಬ ಮಾಡಾಕತ್ತಾರ,’ ಎಂದಳು ಮಾಣಿಕಮ್ಮ. ‘ಆ ಮುದುಕಿಗಿ ಯಾರಾದ್ರೂ ಊಟ ಒಯ್ದು ಕೊಟ್ಟಾರೋ ಇಲ್ಲೋ?’

ಮಲ್ಲಿನಾಥ ಕಾಕಾ ಟಿಫಿನ್ ಒಯ್ದು ಕೊಟ್ಟನೆಂದು ಅನುರಾಧಾ ಸೇರಿಸಬೇಕಾಯಿತು. ಮರುದಿನ ಮಾಣಿಕಮ್ಮ ಮುದುಕಿಗೆ ಹೊದ್ದುಕೊಳ್ಳಲು ಏನಿದೆ ಎಂದು ವಿಚಾರಿಸಿದಳು; ಒಂದು ಕೌದಿ ಕಳಿಸಬೇಕಾಯಿತು. ಪುಸ್ತಕದಲ್ಲಿ ಇಲ್ಲದ ಆ ಬಸ್ ಸ್ಟ್ಯಾಂಡಿಗೆ ಈಗ ದಿನಾಲೂ ಏನಾದರೊಂದು ಸಾಮಾನು ಹೋಗುತ್ತಿತ್ತು. ಇದರ ನಡುವೆ ಒಂದು ಅಧ್ಯಾಯ ಪೂರ್ತಿ ಬಾವಿಯ ಬಗ್ಗೆ ಬಂತು. ಅದನ್ನು ಅನುರಾಧಾ ಮಧ್ಯಾಹ್ನ ಓದಿದವಳೇ ತುಟಿ ಬಿಗಿದಳು. ಸಂಜೆ ಹಾಳೆಗಳನ್ನು ಒಟ್ಟಿಗೆ ಮಗುಚಿ, ಇದು ಬರೀ ನೀರಿನ ವಿಷಯ, ಮುಖ್ಯವಲ್ಲ ಎಂದು ಮುಂದೆ ಹೋದಳು. ಆ ಹೊತ್ತು ಮಾತ್ರ ಮಕ್ಕಳು ನಗಲಿಲ್ಲ. ರತ್ನದೀಪ ಸ್ನೇಹಲ್‌ಳ ಮುಖ ನೋಡಿದ, ಸ್ನೇಹಲ್ ನೆಲ ನೋಡಿದಳು.

ಆದರೂ ಹಾಲ್‌ನಲ್ಲಿ ಮಕ್ಕಳು ಹೆಚ್ಚುತ್ತಲೇ ಹೋದರು. ಪಕ್ಕದ ಓಣಿಯವರು ಬಂದರು, ರಜೆಗೆಂದು ಮುಡಬಿಯಿಂದ ಬಂದ ನೆಂಟರ ಮಕ್ಕಳು ಬಂದರು. ಬಾಗಿಲವರೆಗೂ ತುಂಬಿದ ಹಾಲ್‌ನ ಫೋಟೋ ನೋಡಿ ತಾಯಂದಿರ ಗುಂಪು ಬೆರಗಾಯಿತು. ಹೆಡ್ ಮೇಡಮ್ ತಾವೇ ಫೋನ್ ಮಾಡಿದರು. ಹುಮನಾಬಾದಿನ ನಮ್ಮ ದೊಡ್ಡ ಶಾಲೆಯಲ್ಲಿ ತಾಯಂದಿರ ಸಭೆ ಕರೆಯುತ್ತೇವೆ. ಮಕ್ಕಳಿಗೆ ಪುಸ್ತಕ ಆರಿಸುವುದು ಹೇಗೆಂದು ನೀವು ಮಾತಾಡಬೇಕು. ಕೇಳಿದ ಮಕ್ಕಳಲ್ಲಿ ನಾಲ್ಕು ಜನರನ್ನೂ ಕರೆತನ್ನಿ ಎಂದರು. ಅನುರಾಧಾ ಎರಡು ಸಲ ಬೇಡ ಎಂದು, ಮೂರನೆಯ ಸಲಕ್ಕೆ ಕಾಯದೆ ಒಪ್ಪಿಕೊಂಡಳು.

ಸಭೆಯ ದಿನ ಹೆದ್ದಾರಿಯ ಮೇಲೆ ಬಿಸಿಲು ನೀರಿನಂತೆ ಹೊಳೆಯುತ್ತಿತ್ತು. ಕಾರಿನಲ್ಲಿ ಸ್ನೇಹಲ್, ಗುರುಲಿಂಗ, ಅಕ್ಬರಿ, ರತ್ನದೀಪ ಒತ್ತಾಗಿ ಕೂತಿದ್ದರು. ಶಾಲೆಯ ಸಭಾಂಗಣದಲ್ಲಿ ಅನುರಾಧಾ ಬಹಳ ಚೆನ್ನಾಗಿ ಮಾತಾಡಿದಳು. ನಾವು ಶರಣರ ನೆಲದವರು, ನುಡಿಯೂ ನಡೆಯೂ ಒಂದಾಗಿರಬೇಕಾದವರು, ಪುಸ್ತಕ ಆರಿಸುವಾಗ ಎಚ್ಚರ ತಪ್ಪಿದರೆ ಮಕ್ಕಳ ಬಾಳು ದಾರಿ ತಪ್ಪೀತು ಎಂದಳು. ತಾನು ಆರಿಸಿದ ಪುಸ್ತಕದಲ್ಲಿ ಆಕ್ಷೇಪಿಸುವಂಥದ್ದು ಒಂದಕ್ಷರವೂ ಇಲ್ಲವೆಂದು ಅದನ್ನು ಎತ್ತಿ ತೋರಿಸಿದಳು. ಚಪ್ಪಾಳೆ ಬಿತ್ತು.

ಹೆಡ್ ಮೇಡಮ್ ಅಕ್ಬರಿಯನ್ನು ಮುಂದೆ ಕರೆದು, ಮೈಕು ಕೈಗೆ ಕೊಟ್ಟು, ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳು ಎಂದರು.

ಅಕ್ಬರಿ ಮೈಕನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ‘ಯಾವ ಕಥಿ ಹೇಳ್ಲಿ ಮೇಡಮ್? ಆಂಟಿ ಹೇಳಿದ್ದೋ, ಪುಸ್ತಕದಾಗಿಂದೋ?’

ಹೆಡ್ ಮೇಡಮ್‌ಗೆ ಅರ್ಥವಾಗಲಿಲ್ಲ. ಎರಡೂ ಒಂದೇ ಅಲ್ಲವೇ ಎಂದು ಕೇಳಿದರು. ಅಲ್ಲವೆಂದು ಅಕ್ಬರಿ ಬಹಳ ವಿನಯದಿಂದ ವಿವರಿಸಿದಳು. ಪುಸ್ತಕದ ಕಥೆಯನ್ನು ಸ್ನೇಹಲ್ ದಿನಾಲೂ ಬೆಳಿಗ್ಗೆ ಮಾಳಿಗೆಯ ಮೇಲೆ ಕೂಡಿಸಿ ಹೇಳುತ್ತಿದ್ದಳು. ಸಂಜೆ ಎಲ್ಲರೂ ಕೆಳಗೆ ಬಂದು, ಆಂಟಿ ಅದರಲ್ಲಿ ಏನೇನನ್ನು ಬದಲಿಸುತ್ತಾರೆಂದು ಕೇಳುತ್ತಿದ್ದರು. ಮುಂಚೆಯೇ ಪಂತ ಕಟ್ಟಿಕೊಳ್ಳುತ್ತಿದ್ದರು. ತತ್ತಿಯ ಸಾರು ಬದನೆಕಾಯಿ ಆಗುತ್ತದೆಂದು ಗುರುಲಿಂಗ ಪಂತ ಕಟ್ಟಿ ಸೋತಿದ್ದ. ಸಲೀಮ ಚಾಚಾ ಹೆಸರು ಉಳಿಯುವುದಿಲ್ಲವೆಂದು ಅಕ್ಬರಿ ಕಟ್ಟಿದ್ದಳು, ಅವಳು ಗೆದ್ದಿದ್ದಳು. ಗೆದ್ದದ್ದನ್ನು ಹೇಳುವಾಗ ಅವಳ ದನಿಯಲ್ಲಿ ಹಿಗ್ಗೇನೂ ಇರಲಿಲ್ಲ. ಅಜ್ಜಿ ಸತ್ತದ್ದನ್ನು ಆಂಟಿ ಏನು ಮಾಡಬಹುದೆಂದು ಮಾತ್ರ ಯಾರಿಗೂ ಊಹಿಸಲು ಆಗಿರಲಿಲ್ಲವಂತೆ.

ಸಭಾಂಗಣದಲ್ಲಿ ಮೊದಲು ಗುಸುಗುಸು, ಆಮೇಲೆ ನಗು. ಅನುರಾಧಾಳ ಕಿವಿ ಸುಡತೊಡಗಿತು. ಕೈಯಲ್ಲಿದ್ದ ಪುಸ್ತಕವನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಸೆರಗಿನಡಿ ಹಿಡಿದಳು. ಇನ್ನು ಈ ಜನ್ಮದಲ್ಲಿ ಹುಮನಾಬಾದಿನ ಕಡೆ ಮುಖ ಹಾಕುವಂತಿಲ್ಲ ಎಂದು ಅವಳು ಕುಸಿಯುವಷ್ಟರಲ್ಲಿ, ಮೂರನೆಯ ಸಾಲಿನಿಂದ ರೇಷ್ಮೆ ಸೀರೆಯ ತಾಯಿ, ಪುಸ್ತಕ ತಲೆಕೆಳಗೆ ಹಿಡಿದವಳು, ಎದ್ದು ನಿಂತಳು.

‘ಸಾವು ಬಂದಲ್ಲಿ ಕಾಶಿ ಹಾಕೂದು ಭಾಳ ಛಲೋ ಆತು ನೋಡ್ರಿ,’ ಎಂದಳು ಅವಳು ಗಂಭೀರವಾಗಿ. ‘ಕಥ್ಯಾಗ ಹುಡುಗ ಹುಡುಗಿ ಲವ್ ಮಾಡಿದ್ರ ಏನ್ ಹಾಕ್ತೀರಿ?’

ನಗು ನಿಂತಿತು. ಹಲವರು ಪೆನ್ನು ತೆಗೆದರು. ಇನ್ನೊಬ್ಬಳು ದೆವ್ವಕ್ಕೆ ಏನು ಹಾಕಬೇಕೆಂದು ಕೇಳಿದಳು. ಮತ್ತೊಬ್ಬಳಿಗೆ ಮೇಷ್ಟರಿಗೆ ಎದುರುತ್ತರ ಕೊಡುವ ಹುಡುಗನ ಚಿಂತೆ. ತಮ್ಮ ತಮ್ಮ ಮನೆಗಳಲ್ಲಿ ಎಲ್ಲರೂ ಇದೇ ಕಷ್ಟದಲ್ಲಿದ್ದರು, ಆದರೆ ಇಷ್ಟು ಧೈರ್ಯವಾಗಿ ಯಾರೂ ಮಾಡಿರಲಿಲ್ಲ. ಹೆಡ್ ಮೇಡಮ್ ಮೈಕು ತೆಗೆದುಕೊಂಡು, ಮುಂದಿನ ವರ್ಷದಿಂದ ಇಡೀ ಶಾಲೆಯ ಪುಸ್ತಕಗಳನ್ನು ಅನುರಾಧಾ ಮೇಡಮ್ಮರೇ ನೋಡಿ, ತಿದ್ದಿ, ಒಪ್ಪಿಗೆ ಕೊಡಬೇಕೆಂದು ಘೋಷಿಸಿದರು. ಮೊದಲಿನದಕ್ಕಿಂತ ಜೋರಾಗಿ ಚಪ್ಪಾಳೆ ಬಿತ್ತು. ಶಾಲು ಹೊದಿಸಿದರು. ಆ ಬಿಸಿಲಿನಲ್ಲಿ ಶಾಲು ಬೆನ್ನಿಗೆ ಅಂಟಿಕೊಂಡಿತು.

ವಾಪಸು ಬರುವಾಗ ಓಂಪ್ರಕಾಶ ಹೆಂಡತಿಯ ಕೀರ್ತಿಯಿಂದ ಉಬ್ಬಿ ಹೋಗಿದ್ದ. ಅವನು ಸಭೆಯಲ್ಲಿ ಇರಲಿಲ್ಲ, ಶಾಲು ಮಾತ್ರ ನೋಡಿದ್ದ. ಓಣಿಯ ತಿರುವಿನಲ್ಲಿ ಬೇರೆ ಮಕ್ಕಳು ಇಳಿದ ಮೇಲೆ ಅನುರಾಧಾ ಹಿಂದೆ ತಿರುಗಿ, ನೀನು ಯಾವಾಗ ಓದಿದೆ ಎಂದು ಮಗಳನ್ನು ಕೇಳಿದಳು. ತಂದ ದಿನವೇ ಎಂದಳು ಸ್ನೇಹಲ್. ಹಾಗಾದರೆ ಯಾಕೆ ಹೇಳಲಿಲ್ಲ ಎಂದು ತಾಯಿ ಕೇಳಿದಳು; ಎಲ್ಲರ ಮುಂದೆ ಮಾನ ಕಳೆಯಬೇಕೆಂದೇ ಸುಮ್ಮನಿದ್ದೆಯಾ ಎಂದಳು.

‘ಹಂಗಲ್ಲ ಮಮ್ಮಿ,’ ಎಂದಳು ಸ್ನೇಹಲ್. ‘ಖರೇ ಕಥಿ ನನಗ ಗೊತ್ತಿತ್ತು. ನಿಂದು ಹ್ಯಾಂಗ ಹೋಗ್ತದ ಅಂತ ಗೊತ್ತಿರಲಿಲ್ಲ.’ ಆಮೇಲೆ, ‘ಬಾವಿದು ಬಿಟ್ಟಿದ್ದು ಮಾತ್ರ ಸೇರಲಿಲ್ಲ,’ ಎಂದಳು.

ಮನೆಯಲ್ಲಿ ಅತ್ತೆ ಕಾಯುತ್ತಿದ್ದಳು. ಕಾರಿನಿಂದ ಜಿಗಿದು ಮೊದಲು ಒಳಗೆ ಓಡಿದ್ದ ಗುರುಲಿಂಗ ಎಲ್ಲವನ್ನೂ ಹೇಳಿಬಿಟ್ಟಿದ್ದ. ಮಾಣಿಕಮ್ಮ ಜೋಕಾಲಿಯಿಂದ ಇಳಿದು ಗೋಡೆಗೆ ಒರಗಿ ನಿಂತಿದ್ದಳು. ಶಾಲಿನ ಕಡೆ ಅವಳು ನೋಡಲೇ ಇಲ್ಲ.

‘ಅನುರಾಧಾ, ಆ ಮುದುಕಿ ಖರೇನ ಸತ್ತಾಳಂತಲ್ಲ?’

ಅನುರಾಧಾ ಹೌದೆಂದು ತಲೆಯಾಡಿಸಿದಳು.

‘ಮೊಮ್ಮಗಳ ಕೈ ಹಿಡ್ಕೊಂಡು, ತನ್ನ ಮನಿ ಅಂಗಳದಾಗ ಸತ್ತಾಕಿನ್ನ ಒಯ್ದು ನೀ ಬಸ್ ಸ್ಟ್ಯಾಂಡದಾಗ ಕುಂದ್ರಿಸಿದ್ದಿ. ಆಕಿಗಿ ಛಳಿ ಆಗ್ತದೇನೋ ಅಂತ ನನಗ ನಿದ್ದಿ ಇಲ್ಲ. ಅಂಥಾ ಸಾವು ನನಗ ಬರ್ಲಿ ಅಂತ ನಾ ದಿನಾ ಬೇಡ್ಕೊಳ್ಳಾಕತ್ತೇನಿ, ನಿನಗ ಅದು ಮಕ್ಕಳ ಮುಂದ ಹೇಳಬಾರದ ಮಾತು ಆತು.’

ಅತ್ತೆಯ ಮನಸ್ಸು ನೋಯಬಾರದೆಂದು ಹಾಗೆ ಮಾಡಿದೆನೆಂದು ಅನುರಾಧಾ ಹೇಳಲು ನೋಡಿದಳು. ನನ್ನ ಮನಸ್ಸು ನನಗೆ ಬಿಡು, ನಾಳೆ ಆ ಅಧ್ಯಾಯ ಇದ್ದದ್ದು ಇದ್ದಂತೆ ಓದು ಎಂದು ಮಾಣಿಕಮ್ಮ ಒಳಗೆ ಹೋದಳು.

ಮರುದಿನ ಅನುರಾಧಾ ಓದಿದಳು. ಹೊರಸಿನ ಮೇಲೆ ಮಲಗಿದ ಮುದುಕಿ, ಮೊಮ್ಮಗಳ ಕೈ, ಕಟ್ಟಿದ ಮೇಕೆ ಒಂದೇ ಸಮನೆ ಕೂಗಿದ್ದು, ಒಂದನ್ನೂ ಬಿಡಲಿಲ್ಲ. ಎರಡು ಕಡೆ ಅವಳ ದನಿ ಒಡೆಯಿತು. ಮಾಣಿಕಮ್ಮ ಮನಸಾರೆ ಅತ್ತು, ಮೂಗು ಒರೆಸಿಕೊಂಡು, ಛಲೋ ಹೋದಳು ಎಂದು ಹೇಳಿ ಚಹಾ ಕೇಳಿದಳು. ಮಕ್ಕಳಿಗೆ ಮಾತ್ರ ನಿರಾಸೆಯಾಯಿತು. ಇದನ್ನು ಅವರು ಆಗಲೇ ಮಾಳಿಗೆಯ ಮೇಲೆ ಕೇಳಿದ್ದರು. ಆಂಟಿ ಬದಲಿಸುವುದಿಲ್ಲವೆಂದರೆ ಸೆಕೆಯಲ್ಲಿ ಒತ್ತಾಗಿ ಕೂರುವುದೇಕೆ? ಮಾರನೆಯ ಸಂಜೆ ಅರ್ಧ ಹಾಲ್ ಖಾಲಿ. ಅದರ ಮರುದಿನ ಅಕ್ಬರಿ, ರತ್ನದೀಪ, ಮನೆಯವರು, ಅಷ್ಟೇ. ಅನುರಾಧಾ ಫೋಟೋ ತೆಗೆಯುವುದನ್ನು ನಿಲ್ಲಿಸಿದಳು.

ಅಕ್ಬರಿ ಲಾರಿಯ ಅಧ್ಯಾಯವನ್ನು ಮತ್ತೆ ಓದಿಸಿದಳು. ಸಲೀಮ ಚಾಚಾನ ಹೆಸರು ಬಂದಾಗಲೆಲ್ಲ ಅನುರಾಧಾಳ ಬಾಯಿ ಒಂದು ಕ್ಷಣ ತಡೆಯುತ್ತಿತ್ತು, ಆದರೂ ಬಂತು. ತನ್ನ ಅಪ್ಪನೂ ದಾರಿಯಲ್ಲಿ ಹೀಗೆಯೇ ಮಕ್ಕಳಿಗೆ ತಿನ್ನಲು ಕೊಡಿಸುತ್ತಾನೆಂದು ಅಕ್ಬರಿ ಮಾಣಿಕಮ್ಮನಿಗೆ ಹೇಳಿದಳು.

ಕೊನೆಗೆ ರತ್ನದೀಪ ಬಾವಿಯ ಅಧ್ಯಾಯ ಕೇಳಿದ. ತಪ್ಪಿಸಿಕೊಳ್ಳಲು ದಾರಿ ಉಳಿದಿರಲಿಲ್ಲ. ಅಜ್ಜಿಯ ಊರಿನ ಗುಡಿಯ ಬಾವಿಯಿಂದ ಪಾರೂನ ಜಾತಿಯ ಜನ ನೀರು ಸೇದುವಂತಿರಲಿಲ್ಲ; ಮೇಲೆ ನಿಂತವರು ಎತ್ತರದಿಂದ ಅವರ ಬೊಗಸೆಗೆ ಸುರಿಯುತ್ತಿದ್ದರು. ಪಾರೂ ನಡುಮಧ್ಯಾಹ್ನ ಎಲ್ಲರೂ ನೋಡುವಂತೆ ಹಗ್ಗ ಬಿಟ್ಟು, ಕೊಡ ತುಂಬಿ, ಮೊದಲು ಮೋತಿಗೆ ಕುಡಿಸಿ, ಆಮೇಲೆ ತಾನು ಕುಡಿದಳು. ಅನುರಾಧಾ ವೇಗವಾಗಿ ಓದಿದಳು. ಓದಿ ತಲೆ ಎತ್ತಿದಾಗ ಮಕ್ಕಳು ನೀರು ಕುಡಿಯುತ್ತಿದ್ದರು. ಸ್ನೇಹಲ್ ಮತ್ತು ಗುರುಲಿಂಗನ ಕೈಯಲ್ಲಿ ಹೆಸರು ಕೆತ್ತಿದ ಸ್ಟೀಲಿನ ಲೋಟ. ಅಕ್ಬರಿ ಮತ್ತು ರತ್ನದೀಪನ ಕೈಯಲ್ಲಿ ಕಾಗದದ ಕಪ್ಪು. ಓದು ಶುರುವಾದ ಮೊದಲ ದಿನದಿಂದ ಅವಳೇ ಇಟ್ಟ ಕ್ರಮ ಅದು. ಸ್ವಚ್ಛತೆಗೆ ಒಳ್ಳೆಯದೆಂದು ತನಗೂ ಹೇಳಿಕೊಂಡಿದ್ದಳು.

ರತ್ನದೀಪ ನೀರು ಕುಡಿದು ಮುಗಿಸಿ, ಖಾಲಿ ಕಪ್ಪಿನ ಒಳಗನ್ನು ಸ್ವಲ್ಪ ಹೊತ್ತು ನೋಡಿದ. ‘ಮುಂದ ಓದ್ರಿ ಆಂಟಿ,’ ಎಂದ.

ಮುಂದಿನ ವಾರ ಅನುರಾಧಾ ಪೇಟೆಗೆ ಹೋಗಿ, ಒಂದೇ ಅಳತೆಯ, ಹೆಸರಿಲ್ಲದ ಸ್ಟೀಲಿನ ಲೋಟಗಳ ಒಂದು ಸೆಟ್ಟು ತಂದಳು. ಮಕ್ಕಳು ಬಂದಾಗ ಎಲ್ಲರಿಗೂ ಅದರಲ್ಲೇ ನೀರು ಕೊಟ್ಟಳು. ಕೊಡುವಾಗ ಅವಳ ಮುಖ ಕೆಂಪಾಗಿತ್ತು. ಮನೆಯಲ್ಲಿ ಲೋಟಗಳು ಬೇಕಾದಷ್ಟಿರುವಾಗ ಇವು ಯಾಕೆಂದು ಸಂಜೆ ಓಂಪ್ರಕಾಶ ಕೇಳಿದ.

‘ಪೇಪರ್ ಕಪ್ಪಿನ್ಯಾಗ ಪ್ಲಾಸ್ಟಿಕ್ ಇರ್ತದಂತರಿ,’ ಎಂದಳು ಅನುರಾಧಾ. ‘ಪರಿಸರಕ್ಕ ಭಾಳ ಕೆಟ್ಟದಂತ. ವಾಟ್ಸಾಪ್‌ನ್ಯಾಗ ಬಂದಿತ್ತು.’

ಓಂಪ್ರಕಾಶ ಅದನ್ನು ನಂಬಿ ಊಟಕ್ಕೆ ಕೂತ. ಜೋಕಾಲಿಯ ಮೇಲಿದ್ದ ಮಾಣಿಕಮ್ಮ ಸೊಸೆಯ ಕಡೆ ನೋಡಿದಳು, ಆಮೇಲೆ ಮೊಮ್ಮಗಳ ಕಡೆ. ಸ್ನೇಹಲ್ ತಾಯಿಯ ಮಾತನ್ನು ತಿದ್ದಲಿಲ್ಲ. ಹೊಸ ಲೋಟದಲ್ಲಿ ನೀರು ತುಂಬಿ ಅಪ್ಪನ ತಟ್ಟೆಯ ಪಕ್ಕ ಇಟ್ಟಳು.